ಆಟಿ ಮಳೆಯಲ್ಲಿ ಐಎಸ್‌ಡಿಎನ್: ಟಿಎ ಕೆಟ್ಟಿದೆ ಎಂಬ ದೂರನ್ನು ತಂತಿಯಿಂದ ಹುಡುಕುತ್ತಾ ಹೋದ ಬಗೆ

"ಲೈಟೆಲ್ಲ ಉರಿಯುತ್ತದೆ ಮಾರಾಯ್ರೆ, ನೆಟ್ ಮಾತ್ರ ಇಲ್ಲ."

ಮಂಗಳೂರು ಬಂದರಿನ ಒಂದು ಕ್ಲಿಯರಿಂಗ್ ಏಜೆಂಟರ ಕಚೇರಿಯಿಂದ ಬಂದ ದೂರು ಇಷ್ಟೇ. ತುಳುವಿನ ಆಟಿ ತಿಂಗಳು (ಜುಲೈ-ಆಗಸ್ಟ್), ಮೂರು ದಿನದಿಂದ ಬಿಡದ ಮಳೆ. ವಿಂಡೋಸ್ 98 ಇನ್ನೂ ಎಲ್ಲರ ಮೇಜಿನ ಮೇಲಿದ್ದ ಕಾಲ. ಅವರದು ಐಎಸ್‌ಡಿಎನ್ ಲೈನ್, ಎಂದರೆ ಒಂದೇ ಫೋನ್ ತಂತಿಯ ಮೇಲೆ ಎರಡು ಚಾನೆಲ್‌ಗಳಲ್ಲಿ ಮಾತು, ಫ್ಯಾಕ್ಸ್, ನೆಟ್ ಎಲ್ಲವನ್ನೂ ಡಿಜಿಟಲ್ ಆಗಿ ಕಳಿಸುವ ಲೈನ್. ಟರ್ಮಿನಲ್ ಅಡಾಪ್ಟರನ್ನು, ಎಂದರೆ ಪಿಸಿ, ಫ್ಯಾಕ್ಸನ್ನು ಆ ಲೈನಿಗೆ ಜೋಡಿಸುವ, ಎಲ್ಲರೂ ಟಿಎ ಎನ್ನುವ ಪೆಟ್ಟಿಗೆಯನ್ನು, ಆಗಲೇ ಒಮ್ಮೆ ಬದಲಿಸಿ ಆಗಿತ್ತು. ಹೊಸತರಲ್ಲೂ ಅದೇ ಪಾಡು. ಕೆದಕಿ ಕೇಳಿದಾಗ ದೂರು ಮೂರಾಗಿ ಬಿಚ್ಚಿಕೊಂಡಿತು. ಜೋರು ಮಳೆ ಬಂದಾಗ ಸಂಪರ್ಕ ಪೂರ್ತಿ ಬೀಳುತ್ತದೆ. ಮಳೆ ಬಿಟ್ಟಾಗ ಬಂದರೂ ಎರಡನೇ ಚಾನೆಲ್ ಕೂಡಿಕೊಳ್ಳುವುದಿಲ್ಲ. ಫ್ಯಾಕ್ಸ್ ಅರ್ಧ ಪುಟಕ್ಕೆ ನಿಲ್ಲುತ್ತದೆ. ಮೂರಕ್ಕೂ ಒಂದೇ ಕಾರಣ ಇರಬೇಕು ಎಂದು ಕಚೇರಿಯವರು ನಂಬಿದ್ದರು. ಟಿಎ ಬದಲಾಯಿಸಿದ್ದೂ ಆ ನಂಬಿಕೆಯಿಂದಲೇ. ಕೊನೆಗೆ ನೋಡಿದರೆ ಮೂರೂ ಬೇರೆ ಬೇರೆ ದೋಷಗಳು, ಒಂದೂ ಟಿಎ ಕೆಟ್ಟದ್ದರಿಂದ ಬಂದದ್ದಲ್ಲ.

ಆ ದಿನ ನಾವು ಹಿಡಿದ ಕ್ರಮವನ್ನೇ ಇಲ್ಲಿ ಬರೆದಿದ್ದೇವೆ. ಹೇಳುವುದೆಲ್ಲ ಆ ಕಾಲದ ಲೈನು, ಪೆಟ್ಟಿಗೆಗಳ ಮಾತು. ಮಂಗಳೂರು, ಉಡುಪಿಯ ಬೇರೆ ಲೈನುಗಳಲ್ಲಿ ಕಂಡ ತೊಂದರೆಗಳನ್ನೂ ಅದಕ್ಕೆ ಸಂಬಂಧಪಟ್ಟ ಜಾಗದಲ್ಲಿ ಸೇರಿಸಿದ್ದೇವೆ.

ಮೊದಲು ಟಿಎ ಎಲ್ಲಿ ಕೂತಿದೆ ಎಂಬುದು ತಲೆಯಲ್ಲಿರಬೇಕು. ಎಕ್ಸ್‌ಚೇಂಜಿನಿಂದ ಸಾಮಾನ್ಯ ಫೋನಿನ ಹಾಗೆಯೇ ಎರಡು ತಂತಿಯ ಒಂದು ಜೋಡಿ ಬರುತ್ತದೆ. ಇದಕ್ಕೆ ಯು ಇಂಟರ್ಫೇಸ್ ಅಥವಾ ಯು ಲೈನ್ ಎಂದು ಹೆಸರು. ಅದು ಗೋಡೆಯ ರೋಸೆಟ್ (ತಂತಿ ಬಿಗಿಯುವ ಸಣ್ಣ ಪೆಟ್ಟಿಗೆ) ದಾಟಿ ಎನ್‌ಟಿಗೆ, ಎಂದರೆ ಎಕ್ಸ್‌ಚೇಂಜಿನ ಲೈನ್ ಕೊನೆಗೊಳ್ಳುವ ಪೆಟ್ಟಿಗೆಗೆ, ಹೋಗುತ್ತದೆ. ಎನ್‌ಟಿಯಿಂದ ಈಚೆಗೆ ನಾಲ್ಕು ತಂತಿಯ ಎಸ್ ಬಸ್, ಎಂದರೆ ಕಚೇರಿಯ ಉಪಕರಣಗಳೆಲ್ಲ ಹಂಚಿಕೊಳ್ಳುವ ತಂತಿ. ಎಸ್ ಬಸ್ಸಿಗೆ ಟಿಎ, ಟಿಎಯಿಂದ ಸೀರಿಯಲ್ ಕೇಬಲ್, ಅದರ ತುದಿಯಲ್ಲಿ ಪಿಸಿ. ಒಂದು ಬೇಸಿಕ್ ರೇಟ್ ಲೈನಿನಲ್ಲಿ 64 ಕಿಲೋಬಿಟ್‌ನ ಎರಡು ಬಿ ಚಾನೆಲ್, 16 ಕಿಲೋಬಿಟ್‌ನ ಒಂದು ಡಿ ಚಾನೆಲ್ ಇರುತ್ತವೆ. ಮಾತು, ಫ್ಯಾಕ್ಸ್, ಡೇಟಾ ಹೋಗುವುದು ಬಿ ಮೇಲೆ. ಕರೆ ಕಟ್ಟುವ, ಬಿಚ್ಚುವ ಸಂದೇಶಗಳೆಲ್ಲ ಡಿ ಮೇಲೆ. ಎಕ್ಸ್‌ಚೇಂಜಿನಿಂದ ಎಣಿಸಿದರೆ ಟಿಎಗೆ ಮೊದಲೇ ನಾಲ್ಕೈದು ಕೀಲುಗಳಿವೆ, ಪ್ರತಿಯೊಂದೂ ಕರಾವಳಿಯ ತೇವಕ್ಕೆ ತೆರೆದುಕೊಂಡದ್ದು. ಹಾಗಾಗಿ ಹುಡುಕಾಟ ತಂತಿಯಿಂದ ಶುರುವಾಗಬೇಕು.

ಅದಕ್ಕೂ ಮೊದಲು ಒಂದು ಕೆಲಸವಿದೆ. ಏನನ್ನೂ ಕೀಳದೆ, ಆಫ್ ಮಾಡದೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವುದು. ಎನ್‌ಟಿಯ ಯಾವ ದೀಪ ಸ್ಥಿರ, ಯಾವುದು ಮಿನುಗುತ್ತಿದೆ, ಟಿಎಯಲ್ಲಿ ಯಾವುದು ಆರಿದೆ. ಆಮೇಲೆ ಟಿಎಗೆ ಆಜ್ಞೆ ಟೈಪ್ ಮಾಡಲು ಬಳಸುವ ಹೈಪರ್‌ಟರ್ಮಿನಲ್ ಎಂಬ ವಿಂಡೋಸ್ ಪ್ರೋಗ್ರಾಂ ತೆರೆದು ಎಟಿ&ವಿ ಕೊಟ್ಟು ಟಿಎಯ ಸೆಟ್ಟಿಂಗ್ ಪೂರ್ತಿ ಫೈಲಿಗೆ ಇಳಿಸಿಕೊಂಡೆವು. ಕೆಲವು ಟಿಎಗಳಲ್ಲಿ ಆ ಆಜ್ಞೆ ಬೇರೆ ಇರುತ್ತದೆ, ಕೈಪಿಡಿ ನೋಡಿ. ಆದರೆ ಈ ಹೆಜ್ಜೆ ಬಿಡಬೇಡಿ. ತೊಂದರೆ ಬಂದ ಕೂಡಲೇ ಫ್ಯಾಕ್ಟರಿ ರಿಸೆಟ್ ಒತ್ತುವ ಅಭ್ಯಾಸದಿಂದ ಆದ ನಷ್ಟ ನಾವು ತುಂಬ ಕಂಡಿದ್ದೇವೆ. ರಿಸೆಟ್ ಆದರೆ ಎಂಎಸ್‌ಎನ್ ಸಂಖ್ಯೆ (ಟಿಎಯಲ್ಲಿ ಬರೆದಿಟ್ಟ ಲೈನಿನ ಫೋನ್ ನಂಬರ್), ಪ್ರೋಟೋಕಾಲ್, ಪೋರ್ಟ್ ವಿಧ ಎಲ್ಲ ಅಳಿಯುತ್ತವೆ. ಅಮೆರಿಕದಿಂದ ನೆಂಟರು ತಂದ ಟಿಎ ಆಗಿದ್ದರೆ ಇನ್ನೂ ಕಷ್ಟ. ಅದು ಅಲ್ಲಿನ ಎನ್‌ಐ-1 ಸ್ವಿಚ್ (ಎಕ್ಸ್‌ಚೇಂಜಿನ ವಿಧ), ಸ್ಪಿಡ್ ಸಂಖ್ಯೆ, 56 ಕಿಲೋಬಿಟ್ ವೇಗಕ್ಕೆ ಮರಳಿ ಕೂತುಬಿಡುತ್ತದೆ. ಸ್ಪಿಡ್, ಎಂದರೆ ಉಪಕರಣವನ್ನು ಎಕ್ಸ್‌ಚೇಂಜಿಗೆ ಗುರುತಿಸುವ ಸಂಖ್ಯೆ, ಉತ್ತರ ಅಮೆರಿಕದ ಪದ್ಧತಿ. ನಮ್ಮಲ್ಲಿ ಸ್ವಿಚ್ ವಿಧಕ್ಕೆ ಯುರೋ ಐಎಸ್‌ಡಿಎನ್, ಡಿಎಸ್‌ಎಸ್1 ಅಥವಾ ನೆಟ್3 ಎಂದಿರುವುದನ್ನು ಆರಿಸಿ, ಸ್ಪಿಡ್ ಜಾಗ ಖಾಲಿ ಬಿಟ್ಟು, ವೇಗ 64 ಇಡಬೇಕು. ಇನ್ನೊಂದು ಮಾತು: ಅಲ್ಲಿ ಮಾರುವ ಎಷ್ಟೋ ಟಿಎಗಳ ಒಳಗೇ ಎನ್‌ಟಿ ಇರುತ್ತದೆ, ಅವುಗಳ ಸಾಕೆಟ್ ಎರಡು ತಂತಿಯ ಯು. ಅದನ್ನು ನಮ್ಮ ಎನ್‌ಟಿಯ ನಾಲ್ಕು ತಂತಿಯ ಎಸ್ ಸಾಕೆಟ್ಟಿಗೆ ಸಿಕ್ಕಿಸಿದರೆ ಪ್ಲಗ್ ಕೂರುತ್ತದೆ, ಲೈನ್ ಏಳುವುದಿಲ್ಲ.

ದೀಪಗಳನ್ನು ಓದುವಾಗ ಒಂದು ಎಚ್ಚರ. ಯಾರೂ ಬಳಸದಿದ್ದಾಗ ಲೈನನ್ನು ಮಲಗಿಸುವ ಎಕ್ಸ್‌ಚೇಂಜುಗಳಿವೆ. ಆಗ ದೀಪ ಆರಿದ್ದರೆ ಅದು ದೋಷವಲ್ಲ. ಒಂದು ಕರೆ ಹಚ್ಚಿ ಆಮೇಲೆ ನೋಡಿ. ಮಲಗಿದ ಲೈನ್ ಏಳಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಎನ್‌ಟಿಯನ್ನು ಕಿತ್ತು ಹೊಸದಾಗಿ ಸಿಕ್ಕಿಸಿದರೆ 15 ಸೆಕೆಂಡಿನವರೆಗೆ ಹಿಡಿಯಬಹುದು. ಅಷ್ಟರೊಳಗೆ ಮತ್ತೆ ಮತ್ತೆ ಕಿತ್ತು ಹಾಕಿದರೆ ಲೈನ್ ಏಳಲು ಅವಕಾಶವೇ ಸಿಗುವುದಿಲ್ಲ. ಬಂದರಿನ ಕಚೇರಿಯಲ್ಲಿ ಟಿಎಯ ದೀಪಗಳು ಉರಿಯುತ್ತಿದ್ದುದು ನಿಜ. ಆದರೆ ಉರಿಯುತ್ತಿದ್ದದ್ದು ಕರೆಂಟಿನದು ಮತ್ತು ಸೀರಿಯಲ್ ಕೇಬಲಿನದು. ಮೇಜಿನ ಹಿಂದಿನ ಗೋಡೆಯಲ್ಲಿದ್ದ ಎನ್‌ಟಿಯ ಲೈನ್ ದೀಪ ಮಾತ್ರ ಒಂದೇ ಸಮನೆ ಮಿನುಗುತ್ತಿತ್ತು. ಎಕ್ಸ್‌ಚೇಂಜಿನ ಜೊತೆ ಹೊಂದಿಕೊಳ್ಳಲು ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಅದನ್ನು ಯಾರೂ ಬಗ್ಗಿ ನೋಡಿರಲಿಲ್ಲ.

ಕರೆಂಟಿನ ವಿಷಯ ಬೇಗ ಮುಗಿಯುತ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮಾತ್ರ ನೋಡಿದರೆ ಸಾಲದು, ಹೊರಬರುವುದು ಎಸಿಯೋ ಡಿಸಿಯೋ ಎಂಬುದನ್ನೂ ನೋಡಿ. ಕೆಲವು ಟಿಎಗಳಿಗೆ 9 ವೋಲ್ಟ್ ಎಸಿ ಬೇಕು. ಅದೇ ಗಾತ್ರದ ಪಿನ್ ಇರುವ ಡಿಸಿ ಅಡಾಪ್ಟರ್ ಹಾಕಿದರೆ ದೀಪ ಉರಿದರೂ ಪೆಟ್ಟಿಗೆ ನೆಟ್ಟಗೆ ಕೆಲಸ ಮಾಡದೆ ಇರಬಹುದು. ಎನ್‌ಟಿ ಮತ್ತು ಟಿಎ ಎರಡನ್ನೂ ಪಿಸಿಯ ಯುಪಿಎಸ್ಸಿಗೇ ಹಾಕಿ. ಮಳೆಗಾಲದಲ್ಲಿ ಇದು ಬೇಕೇ ಬೇಕು.

ಈಗ ಯು ಲೈನ್. ನಮ್ಮ ಊರಲ್ಲಿ ಹತ್ತರಲ್ಲಿ ಆರೇಳು ತೊಂದರೆ ಇಲ್ಲೇ ಎನ್ನುವುದು ನಮ್ಮ ಅಂದಾಜು, ಅದಕ್ಕೇ ಇಲ್ಲಿ ನಿಧಾನ ಮಾಡುತ್ತೇವೆ. ರೋಸೆಟ್ಟಿನ ಮುಚ್ಚಳ ತೆಗೆದಾಗ ಕಂಡದ್ದು ಎರಡು. ಸ್ಕ್ರೂಗಳ ಮೇಲೆ ಹಸಿರು ಕಿಲುಬು, ಜೊತೆಗೆ ಇರುವೆಯ ಗೂಡು. ಇರುವೆಗಳು ಬೆಚ್ಚಗಿನ ಒಣ ಜಾಗ ಹುಡುಕಿ ಮಳೆಗಾಲದಲ್ಲಿ ಇಂಥ ಪೆಟ್ಟಿಗೆಗೆ ಸೇರುವುದು ಇಲ್ಲಿ ಸಾಮಾನ್ಯ. ಎರಡು ಸ್ಕ್ರೂಗಳ ನಡುವೆ ಅವು ತಂದು ಗುಡ್ಡೆ ಹಾಕಿದ ಮಣ್ಣು ತೇವ ಹೀರಿದರೆ ವಿದ್ಯುತ್ ಸೋರಲು ಅಷ್ಟೇ ಸಾಕು. ಬ್ರಷ್‌ನಿಂದ ಗುಡಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ತಂತಿಯ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹೊಸದಾಗಿ ಸುಲಿದು ಬಿಗಿದೆವು. ಕಿಲುಬಿಗೆ ತೆಂಗಿನೆಣ್ಣೆ ಸವರುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಧೂಳು ಹಿಡಿಯುತ್ತದೆ, ಧೂಳು ತೇವ ಹಿಡಿಯುತ್ತದೆ.

ಅದೇ ರೋಸೆಟ್ಟಿನಿಂದ ಇನ್ನೊಂದು ಜೋಡಿ ತಂತಿ ಗೋಡೆಯೊಳಗೆ ಹೋಗಿತ್ತು. ಐಎಸ್‌ಡಿಎನ್ ಬರುವ ಮೊದಲು ಒಳಕೋಣೆಗೆ ಎಳೆದಿದ್ದ ಪ್ಯಾರಲಲ್ ಫೋನಿನ ತಂತಿ ಅದು. ಫೋನ್ ತೆಗೆದಿದ್ದರು, ತಂತಿಯನ್ನು ಬಿಟ್ಟಿದ್ದರು. ಅದರ ತೆರೆದ ತುದಿ ನೀರು ಜಿನುಗುವ ಗೋಡೆಗೆ ತಾಗಿಕೊಂಡಿತ್ತು. ಯು ಜೋಡಿಗೆ ಎನ್‌ಟಿ ಒಂದನ್ನು ಬಿಟ್ಟು ಬೇರೆ ಏನೂ ತಾಗಿರಬಾರದು. ಪ್ಯಾರಲಲ್ ಫೋನ್ ಇದ್ದು ಯಾರಾದರೂ ರಿಸೀವರ್ ಎತ್ತಿದರೆ ಆ ಕ್ಷಣವೇ ಲೈನ್ ಬೀಳುತ್ತದೆ, ಇಟ್ಟ ಮೇಲೆ ತಾನಾಗಿ ಏಳುತ್ತದೆ. "ದಿನಕ್ಕೆ ನಾಲ್ಕೈದು ಸಲ ಸುಮ್ಮನೆ ಕಟ್ಟಾಗುತ್ತದೆ" ಎಂಬ ದೂರಿನ ಹಿಂದೆ ಇದೇ ಇದ್ದದ್ದನ್ನು ಉಡುಪಿಯ ಒಂದು ಅಂಗಡಿಯಲ್ಲಿ ನೋಡಿದ್ದೇವೆ. ಬಂದರಿನಲ್ಲಿ ಆ ತಂತಿಯನ್ನು ರೋಸೆಟ್ಟಿನಲ್ಲೇ ಕತ್ತರಿಸಿ ಟೇಪು ಸುತ್ತಿದೆವು. ಎನ್‌ಟಿಯ ದೀಪ ಸ್ಥಿರವಾಯಿತು. ಇಪ್ಪತ್ತು ನಿಮಿಷ ಹಾಗೆಯೇ ಇತ್ತು. ಹೊರಗೆ ಮಳೆ ಜೋರಾದ ಕೂಡಲೇ ಮತ್ತೆ ಮಿನುಗತೊಡಗಿತು.

ಹಾಗಾದರೆ ಹೊರಗಿನ ಜೋಡಿಯಲ್ಲೂ ಏನೋ ಇದೆ. ಇಲ್ಲಿ ಊಹೆ ಬೇಡ, ಮೀಟರ್ ಬೇಕು. ಲೈನ್‌ಮನ್ ಅಣ್ಣನನ್ನು ಕರೆಸಿ, ಎಕ್ಸ್‌ಚೇಂಜಿನ ಎಂಡಿಎಫ್‌ನಲ್ಲಿ (ಎಲ್ಲ ಜೋಡಿಗಳೂ ಬಂದು ಸೇರುವ ಚೌಕಟ್ಟು) ಜೋಡಿಯನ್ನು ಬಿಡಿಸಲು ಹೇಳಿ, ಈಚೆ ಎನ್‌ಟಿಯನ್ನೂ ಕಿತ್ತೆವು. ಬಿಡಿಸುವ ಮೊದಲು ತಂತಿಗೆ ಕೈ ಹಾಕಬೇಡಿ. ಐಎಸ್‌ಡಿಎನ್ ಜೋಡಿಯ ಮೇಲೆ ಸಾಮಾನ್ಯ ಫೋನಿನ 48 ವೋಲ್ಟಿಗಿಂತ ಹೆಚ್ಚಿನ ಡಿಸಿ ಇರಬಹುದು, ಮಳೆಗಾಲದ ಒದ್ದೆ ಕೈಗೆ ಅದು ಚೆನ್ನಾಗಿಯೇ ತಾಗುತ್ತದೆ. ಎರಡೂ ತುದಿ ಬಿಟ್ಟ ಮೇಲೆ ಮೊದಲ ಅಳತೆ ವೋಲ್ಟೇಜ್: ಎರಡು ತಂತಿಗಳ ನಡುವೆ, ಆಮೇಲೆ ಒಂದೊಂದು ತಂತಿ ಮತ್ತು ಅರ್ಥ್ (ನೆಲಕ್ಕಿಳಿಸಿದ ತಂತಿ) ನಡುವೆ. ಎಲ್ಲೂ ಏನೂ ಇರಬಾರದು. ನಮಗೆ ಒಂದು ತಂತಿಯಲ್ಲಿ ಕೆಲವು ವೋಲ್ಟ್ ಡಿಸಿ ಸಿಕ್ಕಿತು. ಅದೇ ಕೇಬಲಿನ ಪಕ್ಕದ ಫೋನ್ ಜೋಡಿಯ ಬ್ಯಾಟರಿ ಒದ್ದೆ ಕೀಲಿನ ಮೂಲಕ ಇತ್ತ ಸೋರುತ್ತಿದೆ ಎಂದು ಅರ್ಥ.

ಎರಡನೇ ಅಳತೆ ಇನ್ಸುಲೇಶನ್. ಒಳ್ಳೆಯ ಜೋಡಿಯಲ್ಲಿ ತಂತಿಯಿಂದ ಅರ್ಥಿಗೆ ಹಲವು ಮೆಗಾಓಮ್ ಬರಬೇಕು. ಇಲ್ಲಿ ಒಂದು ತಂತಿ ಸರಿ ಇತ್ತು, ಇನ್ನೊಂದರಲ್ಲಿ ಬಂದದ್ದು 60 ಕಿಲೋಓಮ್. ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೆಗ್ಗರ್ ಬಳಸುವುದಾದರೆ ಎರಡೂ ತುದಿಯ ಉಪಕರಣ ಬಿಡಿಸಿದ್ದು ಖಚಿತವಾಗಿರಲಿ, ಅದರ 500 ವೋಲ್ಟ್ ಎನ್‌ಟಿಯ ಒಳಗೆ ಹೋದರೆ ಎನ್‌ಟಿ ಉಳಿಯಲಿಕ್ಕಿಲ್ಲ.

ಮೂರನೇ ಅಳತೆ ನಮಗೆ ತುಂಬ ಇಷ್ಟವಾದದ್ದು, ಏಕೆಂದರೆ ಇದರಲ್ಲಿ ಲೆಕ್ಕ ಮತ್ತು ಮೀಟರ್ ಎದುರು ಬದುರು ಕೂರುತ್ತವೆ. ಎಂಡಿಎಫ್‌ನಲ್ಲಿ ಎರಡು ತಂತಿಗಳನ್ನು ಒಂದಕ್ಕೊಂದು ಕೂಡಿಸಿ, ಈಚೆಯಿಂದ ಲೂಪಿನ, ಎಂದರೆ ಹೋಗಿ ಬರುವ ಎರಡೂ ತಂತಿಯ, ಓಮ್ ಅಳೆಯಬೇಕು. 0.5 ಮಿ.ಮೀ. ತಾಮ್ರದ ಜೋಡಿಗೆ ಕಿಲೋಮೀಟರಿಗೆ ಸುಮಾರು 175 ಓಮ್, 0.4 ಮಿ.ಮೀ. ಜೋಡಿಗೆ ಸುಮಾರು 275. ಆ ಕೇಬಲ್ 0.5ರದು, ಎಕ್ಸ್‌ಚೇಂಜಿಗೆ ಕೇಬಲ್ ದಾರಿಯಲ್ಲಿ 1.6 ಕಿ.ಮೀ. ಎಂದರೆ 280 ಓಮ್ ಆಸುಪಾಸು ಬರಬೇಕು. ಮೀಟರ್ 330ಕ್ಕೂ 420ಕ್ಕೂ ನಡುವೆ ಓಲಾಡುತ್ತಿತ್ತು. ಅಂಕಿ ಹೆಚ್ಚಿದ್ದು ಒಂದೆಡೆ ಇರಲಿ, ಅದು ಓಲಾಡಿದ್ದೇ ಮುಖ್ಯ. ತಾಮ್ರ ಓಲಾಡುವುದಿಲ್ಲ, ಕೆಟ್ಟ ಕೀಲು ಓಲಾಡುತ್ತದೆ. ದೂರ ಹೆಚ್ಚಾಯಿತೇ ಎಂಬ ಪ್ರಶ್ನೆ ಇಲ್ಲಿ ಬರಲಿಲ್ಲ. ಯು ಲೈನಿನ 2ಬಿ1ಕ್ಯೂ ಸಂಕೇತ ಒಳ್ಳೆಯ ಜೋಡಿಯಲ್ಲಿ ಐದು ಕಿಲೋಮೀಟರಿನ ಆಸುಪಾಸಿನವರೆಗೂ ನಡೆಯುತ್ತದೆ.

ದೊಡ್ಡ ಕೇಬಲಿನಿಂದ ಒಂದೊಂದು ಕಟ್ಟಡಕ್ಕೆ ಜೋಡಿ ಕವಲೊಡೆಯುವ ಡಿಪಿ ಬಾಕ್ಸ್ ಕಚೇರಿಯ ಹಿಂದಿನ ಓಣಿಯಲ್ಲಿತ್ತು. ಅದರ ಬಾಗಿಲಿನ ರಬ್ಬರು ಹೋಗಿ ನೀರು ಒಳಗೆ ಇಳಿದಿತ್ತು. ನಮ್ಮ ಜೋಡಿಯನ್ನು ಬರೇ ತಿರುಚಿ ಟೇಪು ಸುತ್ತಿ ಬಿಟ್ಟಿದ್ದರು. ಸಮುದ್ರದ ಉಪ್ಪುಗಾಳಿಗೆ ತಿರುಚಿದ ಕೀಲು ಎರಡು ಮಳೆಗಾಲ ಬಾಳಿದರೆ ಹೆಚ್ಚು. ಮಾತಿನ ಫೋನ್ ಇಂಥ ಕೀಲಿನ ಮೇಲೂ ಕರಕರ ಸದ್ದಿನೊಂದಿಗೆ ನಡೆಯುತ್ತದೆ, ಐಎಸ್‌ಡಿಎನ್ ನಡೆಯುವುದಿಲ್ಲ. "ಪಕ್ಕದ ಫೋನ್ ಸರಿ ಉಂಟಲ್ಲ" ಎಂಬ ವಾದವನ್ನು ಹಾಗಾಗಿ ಒಪ್ಪಬಾರದು. ಕೊಳೆತ ಭಾಗ ಕತ್ತರಿಸಿ, ಒಳಗೆ ಜೆಲ್ ತುಂಬಿರುವ ಯುವೈ ಕನೆಕ್ಟರ್ ಹಾಕಿ ಒತ್ತಿದೆವು, ಒಂದೊಂದು ತಂತಿಗೆ ಒಂದೊಂದು. ಇದಕ್ಕೆ ತಂತಿ ಸುಲಿಯಬೇಕಾಗಿಲ್ಲ, ಸುಲಿಯಲೂ ಬಾರದು. ಲೈನ್‌ಮನ್ ಅಣ್ಣ ಜೋಡಿಯನ್ನು ಬಾಕ್ಸಿನೊಳಗೆ ಇನ್ನೊಂದು ಒಣ ಟ್ಯಾಗಿಗೆ (ತಂತಿ ಕೂರಿಸುವ ಜಾಗ) ವರ್ಗಾಯಿಸಿ, ಕೇಬಲ್ ಒಳಬರುವಲ್ಲಿ ಕೆಳಮುಖವಾಗಿ ಒಂದು ಬಾಗು ಕೊಟ್ಟರು, ನೀರು ತಂತಿಗುಂಟ ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಮತ್ತೆ ಅಳೆದಾಗ 284 ಓಮ್, ಅಲುಗಾಟವಿಲ್ಲ.

ಜೋಡಿ ಮರಳಿ ಕೂಡಿಸಿದ ಮೇಲೆ ಎಕ್ಸ್‌ಚೇಂಜಿನವರನ್ನು ಲೂಪ್ 2 ಪರೀಕ್ಷೆ ಮಾಡಲು ಕೇಳಿಕೊಳ್ಳಿ. ಅವರು ಅಲ್ಲಿಂದಲೇ ಎನ್‌ಟಿಗೆ ಆಜ್ಞೆ ಕೊಟ್ಟು, ಕಳಿಸಿದ ಬಿಟ್ಟುಗಳನ್ನು ಎನ್‌ಟಿಯಿಂದ ಹಿಂದಕ್ಕೆ ತಿರುಗಿಸಿ ತಪ್ಪು ಎಣಿಸಬಲ್ಲರು. ತಪ್ಪಿಲ್ಲದೆ ಬಂದರೆ ಎಕ್ಸ್‌ಚೇಂಜಿನಿಂದ ಎನ್‌ಟಿವರೆಗೆ ಲೈನ್ ಶುದ್ಧ, ಇನ್ನುಳಿದದ್ದೆಲ್ಲ ಕಚೇರಿಯ ಒಳಗಿನದು. ಯಾರ ಪಾಲಿನ ಕೆಲಸ ಎಂಬ ವಾಗ್ವಾದವನ್ನು ಐದು ನಿಮಿಷದಲ್ಲಿ ಮುಗಿಸುವ ಪರೀಕ್ಷೆ ಇದು.

ಎನ್‌ಟಿಯಿಂದ ಈಚೆಗಿನ ಎಸ್ ಬಸ್ ಆ ಕಚೇರಿಯಲ್ಲಿ ಚೊಕ್ಕವಾಗಿತ್ತು. ಬೇರೆ ಕಡೆ ಹಾಗಿರುವುದಿಲ್ಲ. ಆರ್‌ಜೆ-45 ಪ್ಲಗ್ಗಿನ ಎಂಟು ಪಿನ್ನುಗಳಲ್ಲಿ ನಡುವಿನ ನಾಲ್ಕೇ ಕೆಲಸಕ್ಕೆ: 3 ಮತ್ತು 6 ಟಿಎಯಿಂದ ಎನ್‌ಟಿಗೆ, 4 ಮತ್ತು 5 ಎನ್‌ಟಿಯಿಂದ ಟಿಎಗೆ. ಕೇಬಲ್ ನೇರ ಇರಬೇಕು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾಕುವ ಕ್ರಾಸ್ ಕೇಬಲಿನಲ್ಲಿ 3, 6 ಹೋಗಿ 1, 2ಕ್ಕೆ ಸೇರುತ್ತವೆ, ಅರ್ಧ ಬಸ್ಸೇ ಮಾಯ. ಹಾಗೆಯೇ ಎನ್‌ಟಿಯ ಸಾಕೆಟನ್ನು ಕಂಪ್ಯೂಟರ್ ಜಾಲದ ಹಬ್‌ಗೆ ಸಿಕ್ಕಿಸಬೇಡಿ. ಪ್ಲಗ್ ಒಂದೇ ಆದರೂ ಎರಡು ಜೋಡಿಗಳ ನಡುವೆ ಎನ್‌ಟಿ 40 ವೋಲ್ಟ್ ಕೊಡುತ್ತಿರುತ್ತದೆ.

ಬಸ್ಸಿನ ತುದಿಯಲ್ಲಿ ಪ್ರತಿ ಜೋಡಿಗೆ 100 ಓಮ್‌ನ ರೆಸಿಸ್ಟರ್ ಬೇಕು. ಎನ್‌ಟಿ ಒಂದು ತುದಿಯಲ್ಲಿದ್ದರೆ ಅದರೊಳಗಿನ ಸ್ವಿಚ್ ಆನ್ ಮಾಡಿ, ಇನ್ನೊಂದು ತುದಿಯ ಸಾಕೆಟ್ಟಿನಲ್ಲಿ ರೆಸಿಸ್ಟರ್ ಹಾಕುತ್ತಾರೆ. ಪರೀಕ್ಷೆ ಸುಲಭ. ಎನ್‌ಟಿಯನ್ನೂ ಎಲ್ಲ ಉಪಕರಣಗಳನ್ನೂ ಕಿತ್ತು, 3-6ರ ನಡುವೆ ಮತ್ತು 4-5ರ ನಡುವೆ ಓಮ್ ಅಳೆಯಿರಿ. 100 ಬಂದರೆ ಸರಿ. 50 ಬಂದರೆ ಯಾರೋ ಇನ್ನೊಂದು ಸಾಕೆಟ್ಟಿನಲ್ಲೂ ರೆಸಿಸ್ಟರ್ ಹಾಕಿದ್ದಾರೆ, 33 ಬಂದರೆ ಮೂರಿವೆ. ಏನೂ ಬಾರದಿದ್ದರೆ ಒಂದೂ ಇಲ್ಲ, ಅಥವಾ ತಂತಿ ತುಂಡಾಗಿದೆ. ಉಪಕರಣ ಸಿಕ್ಕಿಸಿಯೇ ಅಳೆದರೆ ಅವುಗಳ ಟ್ರಾನ್ಸ್‌ಫಾರ್ಮರಿನ ಸುರುಳಿಯೂ ಸೇರಿ ಅಂಕಿ ಅರ್ಥ ಕಳೆದುಕೊಳ್ಳುತ್ತದೆ. ಎಂಟು ಉಪಕರಣ ಹಂಚಿಕೊಳ್ಳುವ ಬಸ್ಸಿಗೆ 100ರಿಂದ 200 ಮೀಟರ್ ಮಿತಿ, ಒಂದೇ ಟಿಎ ಆದರೆ ಕಿಲೋಮೀಟರಿನವರೆಗೂ ಹೋಗಬಹುದು. ಸಾಕೆಟ್ಟಿನಿಂದ ಟಿಎಗೆ ಹೋಗುವ ವೈರು ಮಾತ್ರ 10 ಮೀಟರ್ ಒಳಗಿರಲಿ.

ಒಂದು ವಿಚಿತ್ರ ಲಕ್ಷಣ ನೆನಪಿಟ್ಟುಕೊಳ್ಳಿ. ಟಿಎ ಒಂದೇ ಇದ್ದರೆ ಸರಿ, ಇನ್ನೊಂದು ಐಎಸ್‌ಡಿಎನ್ ಫೋನ್ ಸಿಕ್ಕಿಸಿದರೆ ಎರಡೂ ಕೆಡುತ್ತವೆ, ಯಾವುದನ್ನು ತೆಗೆದರೂ ಉಳಿದದ್ದು ಸರಿಯಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಯಾವುದೋ ಸಾಕೆಟ್ಟಿನಲ್ಲಿ 3 ಮತ್ತು 6 ಅದಲು ಬದಲಾಗಿರುವುದು. ಒಬ್ಬನೇ ಮಾತಾಡುವಾಗ ತಂತಿಯ ದಿಕ್ಕು ಲೆಕ್ಕಕ್ಕಿಲ್ಲ. ಇಬ್ಬರು ಒಂದೇ ಜೋಡಿಯಲ್ಲಿ ಮಾತಾಡುವಾಗ ಒಬ್ಬರ ಸಂಕೇತ ಇನ್ನೊಬ್ಬರದನ್ನು ಅಳಿಸುತ್ತದೆ.

ತಂತಿ ಮುಗಿಯಿತು ಎಂದ ಮೇಲೆ ಟಿಇಐ, ಎಂದರೆ ಲೈನಿನ ಮೇಲೆ ಉಪಕರಣದ ಗುರುತು ಸಂಖ್ಯೆ. ಲೈನ್ ಎದ್ದ ಕೂಡಲೇ ಪ್ರತಿ ಉಪಕರಣ ಎಕ್ಸ್‌ಚೇಂಜಿನಿಂದ 64ರಿಂದ 126ರೊಳಗಿನ ಒಂದು ಸಂಖ್ಯೆ ಪಡೆಯುತ್ತದೆ. ಸಿಕ್ಕಿತೋ ಇಲ್ಲವೋ ಟಿಎಯ ಸ್ಥಿತಿ ಪುಟದಲ್ಲಿ ಕಾಣುತ್ತದೆ. ತಂತಿ ಶುದ್ಧವಿದ್ದೂ ಟಿಇಐ ಸಿಗದಿದ್ದರೆ ಲೈನನ್ನು ಇಪಿಎಬಿಎಕ್ಸ್‌ಗೆಂದು (ಕಚೇರಿಯ ಒಳ ಎಕ್ಸ್‌ಚೇಂಜ್) ಪಾಯಿಂಟ್ ಟು ಪಾಯಿಂಟ್ ಆಗಿ ತೆರೆದಿದ್ದಾರೆಯೇ ಎಂದು ಕೇಳಿ. ಅಂಥ ಲೈನಿನಲ್ಲಿ ಟಿಇಐ ಸೊನ್ನೆ ಎಂದು ಟಿಎಯಲ್ಲಿ ಕೈಯಾರೆ ಬರೆಯಬೇಕು. ಎಷ್ಟು ಕಾದರೂ ತಾನಾಗಿ ಬರುವುದಿಲ್ಲ.

ಕರೆ ಹೋಗದಿದ್ದರೆ ಟಿಎ ಒಂದು ಕಾರಣ ಸಂಖ್ಯೆ ಕೊಡುತ್ತದೆ. ಕ್ಯೂ.931 ಎಂಬ ಮಾನದಂಡದ ಸಂಖ್ಯೆಗಳಿವು, ಜಗತ್ತಿಗೆಲ್ಲ ಒಂದೇ. ಕೆಲವು ಟಿಎಗಳು ಇದನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತವೆ, ಗಮನಿಸಿ. ನಮಗೆ ಪದೇ ಪದೇ ಎದುರಾದವು: 1 ಬಂದರೆ ಆ ಸಂಖ್ಯೆಯೇ ಇಲ್ಲ, 28 ಬಂದರೆ ಸಂಖ್ಯೆ ಬರೆದ ರೂಪ ತಪ್ಪು, ಹೆಚ್ಚಾಗಿ ಎಸ್‌ಟಿಡಿ ಕೋಡಿನ ಗೊಂದಲ. 17 ಎಂದರೆ ಆಚೆಯವರು ಬ್ಯುಸಿ, 34 ಎಂದರೆ ನಡುವೆ ಖಾಲಿ ಚಾನೆಲ್ ಇಲ್ಲ, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಿ. 57 ಬಂದರೆ ನಿಮ್ಮ ಲೈನಿಗೆ ಡೇಟಾ ಕರೆಯ ಸೌಲಭ್ಯವನ್ನೇ ಕೊಟ್ಟಿಲ್ಲ, ಅರ್ಜಿ ಕೊಡಬೇಕು. 88 ಬಂದರೆ ಆಚೆ ಕಡೆಯದು ಡಿಜಿಟಲ್ ಕರೆ ತೆಗೆದುಕೊಳ್ಳುವ ಸಂಖ್ಯೆಯಲ್ಲ, ಸಾಮಾನ್ಯ ಮೋಡೆಮ್ ಸಂಖ್ಯೆಗೆ ಹಚ್ಚಿರುತ್ತೀರಿ.

ಒಳಬರುವ ಕರೆಗೆ ಟಿಎ ಓಗೊಡದಿದ್ದರೆ ಎಂಎಸ್‌ಎನ್ ನೋಡಿ. ಮಂಗಳೂರಿನವರು 0824, ಉಡುಪಿಯವರು 0820 ಸೇರಿಸಿ ಬರೆದಿರುತ್ತಾರೆ, ಎಕ್ಸ್‌ಚೇಂಜ್ ಕಳಿಸುವುದು ಬರೇ ಏಳು ಅಂಕಿ ಆಗಿದ್ದರೆ ಎರಡೂ ಹೊಂದುವುದಿಲ್ಲ. ಒಳಬರುವ ಕರೆಯ ಟ್ರೇಸ್ ತೆರೆದು ಅಲ್ಲಿ ಕಂಡ ಅಂಕಿಗಳನ್ನು ಹಾಗೆಯೇ ನಕಲು ಮಾಡಿ.

ಬಂದರಿನ ಕಚೇರಿಯಲ್ಲಿ ಈಗ ಮೊದಲ ಚಾನೆಲ್ ಗಟ್ಟಿಯಾಗಿ ನಿಂತಿತ್ತು. ಎರಡನೆಯದು ಹತ್ತು ಸೆಕೆಂಡು ಬಂದು ಹೋಗುತ್ತಿತ್ತು, ಕಾರಣ 16. ಹದಿನಾರು ಎಂದರೆ ದೋಷವಲ್ಲ, ಒಂದು ಕಡೆಯವರು ಕ್ರಮವಾಗಿ ಕರೆ ಮುಗಿಸಿದರು ಎಂದಷ್ಟೇ. ಲೈನ್ ಕೆಟ್ಟಿದ್ದರೆ ಹೀಗೆ ಬರುತ್ತಿರಲಿಲ್ಲ. ಹಾಗಾಗಿ ಲಾಗಿನ್ ಹಂತಕ್ಕೆ ಹೋದೆವು. ಎರಡು ಚಾನೆಲ್ ಕೂಡಿಸುವ ಮಲ್ಟಿಲಿಂಕ್ ಕೆಲಸವನ್ನು ಅಲ್ಲಿ ಟಿಎಯೇ ಮಾಡುತ್ತಿತ್ತು, ಪಿಸಿಗೆ ಕಾಣುವುದು ಒಂದೇ ಸಂಪರ್ಕ. ಎರಡನೇ ಚಾನೆಲ್ಲಿನಲ್ಲಿ ಪಾಸ್‌ವರ್ಡ್ ಕೇಳಿದಾಗ ಟಿಎ ತಾನೇ ಉತ್ತರಿಸಬೇಕು. ಮೊದಲ ಚಾನೆಲ್ ಪಿಎಪಿ ವಿಧಾನದಲ್ಲಿ ತೆರೆದಿದ್ದರೆ ಪಾಸ್‌ವರ್ಡ್ ತೆರೆದ ರೂಪದಲ್ಲಿ ಟಿಎಯ ಮೂಲಕವೇ ಹೋಗಿರುತ್ತದೆ, ಅದನ್ನು ನೆನಪಿಟ್ಟು ಎರಡನೆಯದಕ್ಕೂ ಕೊಡುತ್ತದೆ. ಸಿಎಚ್‌ಎಪಿ ವಿಧಾನವಾದರೆ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ, ಆ ಟಿಎಗೆ ಉತ್ತರ ಗೊತ್ತಾಗುವ ದಾರಿ ಇಲ್ಲ. ಸಿಎಚ್‌ಎಪಿ ಬಿಟ್ಟು ಪಿಎಪಿ ನಡೆಯಲೆಂದು ಡಯಲ್-ಅಪ್ ಸೆಟ್ಟಿಂಗಿನಲ್ಲಿ ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್ ಕಡ್ಡಾಯ ಎಂಬ ಗುರುತು ತೆಗೆದೆವು, ಸೇವೆ ಕೊಡುವವರ ಕಡೆಯೂ ಪಿಎಪಿ ಒಪ್ಪಿದರು. ಎರಡನೇ ಚಾನೆಲ್ ಕೂಡಿಕೊಂಡಿತು. ಒಂದೇ ಖಾತೆಯಲ್ಲಿ ಎರಡು ಲಾಗಿನ್‌ಗೆ ಅನುಮತಿ ಇಲ್ಲದಿದ್ದರೂ ಇದೇ 16 ಬರುತ್ತದೆ, ಅದನ್ನೂ ಕೇಳಿಕೊಳ್ಳಿ. ಎರಡು ಚಾನೆಲ್ ಎಂದರೆ ಬಿಲ್ಲಿನಲ್ಲಿ ಎರಡು ಕರೆ ಎಂಬುದನ್ನು ಕಚೇರಿಯವರಿಗೆ ಮೊದಲೇ ತಿಳಿಸಬೇಕು, ತಿಳಿಸಿದೆವು.

ಇನ್ನೊಂದು ಬಗೆಯ ತೊಂದರೆಯೂ ಲಾಗಿನ್ ಹಂತದ್ದೇ. ಕನೆಕ್ಟ್ 64000 ಎಂದು ಬರುತ್ತದೆ, ಆಮೇಲೆ ಪಾಸ್‌ವರ್ಡ್ ಪರಿಶೀಲನೆಯಲ್ಲೇ ನಿಂತು ಕಡಿದುಹೋಗುತ್ತದೆ. ಪಾಸ್‌ವರ್ಡ್ ಹತ್ತು ಸಲ ಬದಲಿಸುತ್ತಾರೆ. ತಪ್ಪಿರುವುದು ಬಿ ಚಾನೆಲ್ಲಿನ ಪ್ರೋಟೋಕಾಲಿನಲ್ಲಿ, ಎಂದರೆ ಡೇಟಾ ಕಟ್ಟಿ ಕಳಿಸುವ ನಿಯಮದಲ್ಲಿ. ಟಿಎ ವಿ.120 ಅಥವಾ ಎಕ್ಸ್.75ರಲ್ಲಿ ಕೂತಿದೆ, ಆಚೆಯವರು ಸಿಂಕ್ರೊನಸ್ ಪಿಪಿಪಿ ಕಾಯುತ್ತಿದ್ದಾರೆ. ಅಸಿಂಕ್‌ನಿಂದ ಸಿಂಕ್ ಪಿಪಿಪಿಗೆ ಬದಲಿಸುವ ಆಯ್ಕೆ ಹಾಕಿದರೆ ಆಯಿತು. ಅದರ ಎಟಿ ಆಜ್ಞೆ ಕಂಪನಿಗೊಂದು ಬಗೆ.

ಎರಡನೇ ಚಾನೆಲ್ ಬಂದರೂ ವೇಗ ಏರಲಿಲ್ಲ. ಸೀರಿಯಲ್ ಪೋರ್ಟ್ 57600ಕ್ಕೆ ಇತ್ತು. ಈ ಲೆಕ್ಕ ನೋಡಿ. ಸೀರಿಯಲ್ ಕೇಬಲಿನಲ್ಲಿ ಒಂದು ಬೈಟಿಗೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್ ಬೇಕು, ಹಾಗಾಗಿ 57600ರಲ್ಲಿ ಸೆಕೆಂಡಿಗೆ 5760 ಬೈಟ್. ಬಿ ಚಾನೆಲ್ಲಿನಲ್ಲಿ ಬೈಟಿಗೆ ಎಂಟೇ ಬಿಟ್, 64 ಕಿಲೋಬಿಟ್‌ಗೆ 8000 ಬೈಟ್. ಒಂದು ಚಾನೆಲ್ಲಿಗೇ ಕೇಬಲ್ ಸಾಲುತ್ತಿರಲಿಲ್ಲ! 115200ಕ್ಕೆ ಏರಿಸಿದರೆ 11520 ಬೈಟ್ ಸಿಗುತ್ತದೆ, ಎರಡು ಚಾನೆಲ್ಲಿನ 16000ಕ್ಕೆ ಅದೂ ಕಡಿಮೆಯೇ. ಪಿಸಿಯ ಸಾಮಾನ್ಯ ಪೋರ್ಟಿನ ಮಿತಿ ಅದು. ಪೂರ್ತಿ 128 ಬೇಕಾದರೆ 230400 ಓಡುವ ಸೀರಿಯಲ್ ಕಾರ್ಡ್, ಇಲ್ಲವೇ ಪಿಸಿಯೊಳಗೆ ಕೂರುವ ಐಎಸ್‌ಡಿಎನ್ ಕಾರ್ಡ್ ಹಾಕಬೇಕು. ಕಚೇರಿಯವರು ಸದ್ಯ 115200 ಸಾಕು ಎಂದರು.

ಪೋರ್ಟಿನ ಚಿಪ್ 16550ಎ ಆಗಿರಲಿ. ವಿಂಡೋಸ್ 98ರಲ್ಲಿ ಕಂಟ್ರೋಲ್ ಪ್ಯಾನೆಲ್, ಮೋಡೆಮ್ಸ್, ಡಯಾಗ್ನಾಸ್ಟಿಕ್ಸ್, ಮೋರ್ ಇನ್ಫೋ ಒತ್ತಿದರೆ ಕಾಣುತ್ತದೆ. ಅದರಲ್ಲಿ 16 ಬೈಟ್ ಕಾದು ನಿಲ್ಲುವ ಫೈಫೋ ಎಂಬ ಜಾಗ ಇದೆ. ಹಳೆಯ 8250, 16450ರಲ್ಲಿ ಒಂದೇ ಬೈಟು ನಿಲ್ಲುತ್ತದೆ, ಪಿಸಿ ಕೊಂಚ ತಡಮಾಡಿದರೂ ಮುಂದಿನದು ಬಂದು ಹಿಂದಿನದನ್ನು ತಳ್ಳುತ್ತದೆ. ಫ್ಲೋ ಕಂಟ್ರೋಲ್, ಎಂದರೆ ತಡೆ, ಕಳಿಸು ಎಂದು ಪಿಸಿ ಮತ್ತು ಟಿಎ ಪರಸ್ಪರ ಹೇಳುವ ಬಗೆ, ಆರ್‌ಟಿಎಸ್/ಸಿಟಿಎಸ್ ಆಗಿರಬೇಕು. ಕೇಬಲ್ ನೇರದ ಮೋಡೆಮ್ ಕೇಬಲ್, ಎರಡು ಮೀಟರ್ ಒಳಗೆ. ಸಣ್ಣ ಪುಟ ಬರುತ್ತದೆ, ದೊಡ್ಡ ಫೈಲ್ ನಡುವೆ ನಿಲ್ಲುತ್ತದೆ ಎಂದಾದರೆ ಇವನ್ನೇ ನೋಡಿ.

ಫ್ಯಾಕ್ಸಿನದು ಎರಡು ನಿಮಿಷದ ಕೆಲಸ. ಟಿಎಯಲ್ಲಿ ಸಾಮಾನ್ಯ ಫೋನ್, ಫ್ಯಾಕ್ಸ್ ಸಿಕ್ಕಿಸುವ ಅನಲಾಗ್ ಪೋರ್ಟ್ ಟೆಲಿಫೋನ್ ಎಂದು ಗುರುತಾಗಿತ್ತು. ಆಗ ಕರೆ ಮಾತು ಎಂದು ಹೋಗುತ್ತದೆ, ನಡುದಾರಿಯಲ್ಲಿ ಮಾತಿಗೆಂದು ಮಾಡುವ ಸಂಸ್ಕರಣೆ ಫ್ಯಾಕ್ಸಿನ ಧ್ವನಿಯನ್ನು ಕೆಡಿಸಬಹುದು. ಫ್ಯಾಕ್ಸ್ ಎಂದು ಬದಲಿಸಿದರೆ ಕರೆ 3.1 ಕಿಲೋಹರ್ಟ್ಸ್ ಆಡಿಯೊ ಎಂದು ಹೋಗುತ್ತದೆ. ಆದರೆ ಬರೇ ಫ್ಯಾಕ್ಸ್ ಎಂದಿಟ್ಟರೆ ಕೆಲವು ಪೆಟ್ಟಿಗೆಗಳಲ್ಲಿ ಸಾಮಾನ್ಯ ಲೈನಿನಿಂದ ಬರುವ ಫ್ಯಾಕ್ಸಿಗೆ ಗಂಟೆಯೇ ಬಡಿಯುವುದಿಲ್ಲ, ಅಂಥ ಕರೆ ತಾನು ಫ್ಯಾಕ್ಸ್ ಎಂದು ಹೇಳಿಕೊಂಡು ಬರುವುದಿಲ್ಲವಲ್ಲ. ಫೋನ್ ಮತ್ತು ಫ್ಯಾಕ್ಸ್ ಎರಡೂ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ನಾವು ಹಾಕಿದ್ದೂ ಅದನ್ನೇ, ಐದು ಪುಟ ಹೋಯಿತು, ಐದು ಪುಟ ಬಂತು.

ಸಿಡಿಲಿನ ಮಾತನ್ನೂ ಹೇಳಬೇಕು. ಆಟಿಯ ಮಳೆಯಲ್ಲಿ ಗುಡುಗು ಕಡಿಮೆ. ಅಪಾಯ ಪಗ್ಗು, ಬೇಶ ತಿಂಗಳುಗಳ (ಏಪ್ರಿಲ್‌ನಿಂದ ಜೂನ್) ಮಳೆ ಹಿಡಿಯುವ ಮೊದಲಿನ ದಿನಗಳಲ್ಲಿ, ಮತ್ತೆ ದೀಪಾವಳಿ ಹೊತ್ತಿನ ಸಂಜೆಗಳಲ್ಲಿ. ಆಮೇಲೆ ಬರುವ ದೂರು ಎರಡು ಬಗೆ. ಎನ್‌ಟಿ ಸಿಕ್ಕಿಸಿದಾಗ ಮಾತ್ರ ಜೋಡಿ ಶಾರ್ಟ್ ತೋರಿಸಿದರೆ ಎನ್‌ಟಿಯೊಳಗಿನ ರಕ್ಷಣೆಯ ಭಾಗ ಸುಟ್ಟಿದೆ. ಲೈನ್ ದೀಪ ಸರಿ ಇದ್ದು ಎಟಿ ಎಂಬ ಆಜ್ಞೆ ಟೈಪ್ ಮಾಡಿದಾಗ ಟಿಎಯಿಂದ ಓಕೆ ಎಂಬ ಉತ್ತರ ಬಾರದಿದ್ದರೆ ಸೀರಿಯಲ್ ಪೋರ್ಟಿನ ಡ್ರೈವರ್ ಚಿಪ್ ಹೋಗಿದೆ, ಪಿಸಿಯದೋ ಟಿಎಯದೋ ನೋಡಬೇಕು. ಕೇಬಲನ್ನು ಟಿಎಯಿಂದ ಕಿತ್ತು ಅದರ ತುದಿಯ 2 ಮತ್ತು 3ನೇ ಪಿನ್ ಕೂಡಿಸಿ, ಫ್ಲೋ ಕಂಟ್ರೋಲ್ ಇಲ್ಲ ಎಂದಿಟ್ಟು ಹೈಪರ್‌ಟರ್ಮಿನಲಿನಲ್ಲಿ ಟೈಪ್ ಮಾಡಿ. ಅಕ್ಷರ ಮರಳಿ ಕಂಡರೆ ಪಿಸಿ ಮತ್ತು ಕೇಬಲ್ ಸರಿ, ಟಿಎಯ ಚಿಪ್ ಬದಲಿಸಬೇಕು. ಅದು ಮ್ಯಾಕ್ಸ್232 ಅಥವಾ 1488, 1489 ಆಗಿದ್ದರೆ ಕಡಿಮೆ ಬೆಲೆಗೆ ಸಿಗುತ್ತದೆ, ಅದಕ್ಕಾಗಿ ಇಡೀ ಟಿಎ ಎಸೆಯುವುದು ಬೇಡ. ಲೈನಿಗೆ ಹಾಕಿದ ಸಿಡಿಲು ತಡೆಯುವ ಅರೆಸ್ಟರಿನ ಅರ್ಥ್ ಮತ್ತು ಪಿಸಿಯ ಅರ್ಥ್ ಒಂದೇ ಕಡೆ ಸೇರಲಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ದುರ್ಬಲವಾಗುತ್ತದೆ, ಮೊದಲ ಗುಡುಗಿನ ಮುಂಚೆ ಗುಂಡಿಗೆ ನೀರು ಹೊಯ್ಯಿರಿ.

ಹೊರಡುವ ಮೊದಲು ಎನ್‌ಟಿಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದೆವು. ಲೂಪ್ 284 ಓಮ್, ತಾರೀಕು, ಡಿಪಿಯ ಟ್ಯಾಗ್ ಸಂಖ್ಯೆ, ಎಂಎಸ್‌ಎನ್, ಸ್ವಿಚ್ ವಿಧ ಡಿಎಸ್‌ಎಸ್1, ಪೋರ್ಟ್ 115200, ಆರ್‌ಟಿಎಸ್/ಸಿಟಿಎಸ್, ಪಿಎಪಿ, ಅನಲಾಗ್ ಪೋರ್ಟ್ 1 ಫೋನ್-ಫ್ಯಾಕ್ಸ್. ಸೆಟ್ಟಿಂಗಿನ ಫೈಲನ್ನು ಫ್ಲಾಪಿಗೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟೆವು. ಮೊದಲು ತೆಗೆದಿಟ್ಟಿದ್ದ ಹಳೆಯ ಟಿಎಯನ್ನೂ ಸಿಕ್ಕಿಸಿ ನೋಡಿದೆವು. ಅದೂ ನಡೆಯಿತು, ಆಮೇಲೆ ಅದು ಕಚೇರಿಯ ಸ್ಪೇರ್ ಆಯಿತು.